ಹೊಟ್ಟೆ ಕೇಳಿ ಬಾಯಿ ನೋಡುತ್ತಿದ್ದ ಡಾಕ್ಟ್ರಮ್ಮ

ನಮ್ಮ ಸೀಮೆಯಲ್ಲಿ ಹಲ್ಲು ಕಳೆದುಕೊಂಡವರು ಹೆಂಗಸರು. ವಸಡು ನೋವೆಂದು ಬಂದವರಿಗೆ ಡಾಕ್ಟರ ಚೀಟಿ ಕೇಳದೆ ಮಾತ್ರೆ ಮಾರಿದ ಮೆಡಿಕಲ್ ಅಂಗಡಿಯವರು ಒಂದು ಹಲ್ಲನ್ನೂ ಕಳೆದುಕೊಳ್ಳಲಿಲ್ಲ. ಕಿತ್ತ ಹಲ್ಲುಗಳನ್ನೇ ಸಾಧನೆಯೆಂದು ವೇದಿಕೆಯ ಮೇಲೆ ಘೋಷಿಸಿದ ಉಚಿತ ಶಿಬಿರಗಳ ಸಂಘಟಕರೂ ಕಳೆದುಕೊಳ್ಳಲಿಲ್ಲ. ಹಾಲನ್ನೆಲ್ಲ ಡೇರಿಗೆ ಕಳಿಸಿ, ಮನೆಗುಳಿದ ಮೊಸರನ್ನು ಗಂಡಸರಿಗೆ ಬಡಿಸಿ, ಹಾಲು ಕರೆದವಳ ತಟ್ಟೆಗೆ ಅನ್ನ ತಿಳಿಸಾರು ಉಳಿಸಿದವರ ಹಲ್ಲುಗಳೂ ಇದ್ದಲ್ಲೇ ಇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಬರೆಯಹೊರಟಿರುವ ವ್ಯಕ್ತಿ, ಇಂಥ ಮಾತನ್ನು ಸುತ್ತಿ ಬಳಸಿ ಹೇಳಿದ್ದರೆ ಸಹಿಸುತ್ತಿರಲಿಲ್ಲ.

ಡಾಕ್ಟರ್ ರುದ್ರಾಣಮ್ಮ ಬೇಲೂರು ಮತ್ತು ಹಳೇಬೀಡಿನ ನಡುವಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ದಂತವೈದ್ಯರಾಗಿದ್ದರು. ಅವರ ಕುರ್ಚಿಯಲ್ಲಿ ಕುಳಿತವರೆಲ್ಲ ಕುಳಿತ ಕೂಡಲೇ ಬಾಯಿ ತೆರೆಯುತ್ತಿದ್ದರು. ಹಲ್ಲಿನ ಡಾಕ್ಟರ ಮುಂದೆ ಬೇರೇನು ಮಾಡಲು ಸಾಧ್ಯ? ರುದ್ರಾಣಮ್ಮ ಎರಡು ಬೆರಳುಗಳಿಂದ ಗದ್ದ ಹಿಡಿದು, ತೆರೆದ ಬಾಯನ್ನು ಮೆಲ್ಲಗೆ ಮುಚ್ಚುತ್ತಿದ್ದರು.

“ಬಾಯಿ ಆಮೇಲೆ. ಮೊದ್ಲು ಹೊಟ್ಟೆ ಹೆಂಗೈತೆ ಹೇಳು.”

ನಿನ್ನೆ ಬೆಳಗಿನಿಂದ ಏನೇನು ತಿಂದಿರಿ, ತಿಂದದ್ದು ಸರಿಯಾಗಿ ಜೀರ್ಣವಾಯಿತೇ, ಬೆಳಿಗ್ಗೆ ಸಲೀಸಾಗಿ ಹೊರಗೆ ಹೋಗುತ್ತೀರಾ, ಯಾವ ಮಾತ್ರೆ ನುಂಗಿದ್ದೀರಿ, ಯಾರು ಕೊಟ್ಟರು. ಇದೆಲ್ಲ ಮುಗಿದ ಮೇಲೆಯೇ ದೀಪ ಹತ್ತುತ್ತಿತ್ತು. ಪರದೆಯಾಚೆ ಬೆಂಚಿನ ಮೇಲೆ ಕಾದಿರುವವರಿಗೆ ಇದು ದಿನದ ಮನರಂಜನೆ.

“ಹಲ್ಲು ನೋವು ಅಂತ ಬಂದ್ರೆ ಕಕ್ಕಸಿನ ವಿಚಾರ ಕೇಳ್ತಾರಲ್ಲ ಕಣ್ಲಾ, ಈವಮ್ಮ ಯಾವ ಸೀಮೆ ಡಾಕ್ಟ್ರು?” ಎಂದು ಒಬ್ಬ ಗೌಡರು ಪಕ್ಕದವನಿಗೆ ಹೇಳಿದ್ದು ಒಳಗೂ ಕೇಳಿಸಿತ್ತು.

“ಕಣಕಟ್ಟೆ ಸೀಮೆ ಕಣ್ರೀ,” ಎಂದು ಪರದೆಯೊಳಗಿನಿಂದ ಉತ್ತರ ಬಂತು. “ಮುಂದಿನ ಪಾಳಿ ನಿಮ್ದೇ. ನಿಮ್ಮ ಕಕ್ಕಸಿನ ವಿಚಾರ ಇನ್ನೂ ಗಟ್ಟಿಯಾಗಿ ಕೇಳ್ತೀನಿ, ಎಲ್ರಿಗೂ ಕೇಳ್ಸೋ ಹಂಗೆ.”

ಕಣಕಟ್ಟೆಯ ತೆಂಗಿನ ತೋಟದ ಮನೆಯಲ್ಲಿ ಬೆಳೆದವರು ಅವರು. ಎತ್ತರದ ಆಳು, ಅಗಲವಾದ ಅಂಗೈ, ತೋಟದ ಆ ತುದಿಯಲ್ಲಿರುವವರನ್ನು ಈ ತುದಿಯಿಂದಲೇ ಕರೆದು ರೂಢಿಯಾದ ಧ್ವನಿ. ಬಿಳಿ ಕೋಟಿನ ಬಲ ಜೇಬು ಸದಾ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಒಂದು ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಅವರ ತೋಟದ ಒಣಕೊಬ್ಬರಿಯ ಹೋಳುಗಳು. ಮಧ್ಯಾಹ್ನ ರೋಗಿಗಳ ಎದುರಿಗೇ ಒಂದು ಹೋಳು ಕಡಿದು, ಸಾವಕಾಶವಾಗಿ ಅಗಿದು, ಆಮೇಲೆ ನಲ್ಲಿಯ ಹತ್ತಿರ ನಿಂತು ಬಹಳ ಹೊತ್ತು ಬಾಯಿ ಮುಕ್ಕಳಿಸುತ್ತಿದ್ದರು. ಅದು ಊಟದಷ್ಟೇ ಪಾಠವೂ ಆಗಿತ್ತೆಂದು ನನಗೆ ತಡವಾಗಿ ತಿಳಿಯಿತು. ಚಿಕಿತ್ಸೆ ಮುಗಿಸಿ ಕೊನೆಯ ಸಲ ಬಂದವರಿಗೆ ಅದೇ ಡಬ್ಬಿಯಿಂದ ಒಂದು ಹೋಳು ಕೊಟ್ಟು, “ಕಡಿ, ಸದ್ದು ಕೇಳ್ಬೇಕು,” ಎನ್ನುತ್ತಿದ್ದರು. ಸದ್ದು ಕೇಳಿಸಿದರೆ ಬಿಡುಗಡೆ. ಕೇಳಿಸದಿದ್ದರೆ ಮತ್ತೆ ಬರಬೇಕು.

ಅವರನ್ನು ನಾನು ಮೊದಲು ಕಂಡದ್ದು ಒಂದು ಮನವಿಗೆ ಸಹಿ ಕೇಳಲು ಹೋದಾಗ. ಅರಸೀಕೆರೆಯಲ್ಲಿ ನಾವು ಕೆಲವು ಹೆಂಗಸರು ಸೇರಿ ಮಹಿಳೆಯರ ಆರೋಗ್ಯದ ಬಗ್ಗೆ ಊರೂರು ತಿರುಗಿ ಮಾತಾಡುತ್ತಿದ್ದೆವು. ಆ ದಿನಗಳಲ್ಲಿ ನಮ್ಮ ಆಕ್ರೋಶವೆಲ್ಲ ‘ಸೆಟ್ ಮಾತ್ರೆ’ಯ ಮೇಲಿತ್ತು. ಮೆಡಿಕಲ್ ಅಂಗಡಿಗೆ ಹೋಗಿ ನೋವಿರುವ ಜಾಗ ತೋರಿಸಿದರೆ ಸಾಕು, ಒಂದು ಆ್ಯಂಟಿಬಯಾಟಿಕ್, ಒಂದು ನೋವಿನ ಮಾತ್ರೆ, ಹೆಸರು ಹೇಳದ ಇನ್ನೊಂದು, ಮೂರನ್ನೂ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎರಡು ಹೊತ್ತು ನುಂಗಿ ನೋವು ಇಳಿದರೆ ಅಲ್ಲಿಗೆ ಬಿಟ್ಟರು. ಮತ್ತೆ ಬಂದರೆ ಮತ್ತೊಂದು ಸೆಟ್. ಇದು ಕಾನೂನಿಗೆ ವಿರುದ್ಧ, ಎಲ್ಲರಿಗೂ ಗೊತ್ತು, ಯಾರೂ ತಡೆಯುವುದಿಲ್ಲ. ಇದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಅವರೆದುರು ಹೇಳಿದೆ.

ರುದ್ರಾಣಮ್ಮ ಪೂರ್ತಿ ಕೇಳಿಸಿಕೊಂಡು, “ಸಹಿ ಹಾಕ್ತೀನಿ. ಮೊದ್ಲು ನಿನ್ನ ಹೊಟ್ಟೆ ಹೆಂಗೈತೆ ಹೇಳು ಹೋರಾಟಗಾರ್ತಿ,” ಎಂದರು.

ಬಸ್ ಸ್ಟ್ಯಾಂಡಿನ ಬೋಂಡ ಮತ್ತು ಟೀಯ ಮೇಲೆ ದಿನ ದೂಡುತ್ತಿದ್ದವಳು ನಾನು. ಹಾಗೆಂದು ಹೇಳಲೇಬೇಕಾಯಿತು.

“ಊರ್ನೋರಿಗೆಲ್ಲ ಆರೋಗ್ಯ ಹೇಳ್ತೀಯ, ನೀನು ಸೊಪ್ಪು ಕಂಡು ಎಷ್ಟು ದಿನ ಆಯ್ತವ್ವ?” ಎಂದು ನಕ್ಕು, ಸಹಿ ಹಾಕಿದರು. ಆಮೇಲೆ ನಾನು ಕೇಳದೆಯೇ ನನ್ನ ಬಾಯಿಯನ್ನೂ ನೋಡಿದರು.

ಅವರು ನನ್ನ ಪಾಲಿಗೆ ಬರಿಯ ಸಹಿದಾರರಾಗಿ ಉಳಿಯದಂತೆ ಮಾಡಿದ್ದು ನನ್ನ ಚಿಕ್ಕಮ್ಮ ವನಜಾಕ್ಷಿಯ ಸಂಗತಿ. ಮಾದಿಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಬದುಕುವ ಮನೆ ಅವರದು. ಚಿಕ್ಕಮ್ಮನಿಗಿನ್ನೂ ಐವತ್ತು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಹುಲ್ಲಿನ ಹೊರೆ ಇಳಿಸುವಾಗ ಕೊಟ್ಟಿಗೆಯ ಹೊಸ್ತಿಲ ಬಳಿ ಎಡವಿ ಕೈಯೂರಿದರು. ಬಿದ್ದದ್ದು ಅಷ್ಟೇ; ಮಣಿಕಟ್ಟಿನ ಮೂಳೆ ಮುರಿಯಿತು. ಪಟ್ಟಿ ಹಾಕಿದ ಡಾಕ್ಟರು, ಇಷ್ಟು ಸಣ್ಣ ಏಟಿಗೆ ಮುರಿಯಬಾರದಿತ್ತು, ಮೂಳೆಗಳು ಟೊಳ್ಳಾಗಿವೆ ಎಂದರು. ಆ ಪಟ್ಟಿ ಬಿಚ್ಚುವ ಮೊದಲೇ ಕೆಳದವಡೆಯ ಒಂದು ಪಕ್ಕ ಊದಿಕೊಂಡಿತು. ವಸಡಿನಿಂದ ರಕ್ತ ಬರುವುದು, ಹಲ್ಲು ಅಲ್ಲಾಡುವುದು ವರ್ಷಗಳಿಂದ ಇದ್ದದ್ದೇ. ಆದರೆ ಮೂಳೆ ಟೊಳ್ಳು ಎಂಬ ಮಾತಿನ ಹಿಂದೆಯೇ ದವಡೆಯಲ್ಲಿ ಗಂಟು ಕಾಣಿಸಿಕೊಂಡಾಗ ಮನೆಯವರ ಮನಸ್ಸಿಗೆ ಬಂದದ್ದು ಒಂದೇ ಕಾಯಿಲೆ. ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಪಕ್ಕದ ಊರಿನಲ್ಲಿ ಆ ವಾರವೇ ಉಚಿತ ದಂತ ಶಿಬಿರವಿತ್ತು. ಎಲ್ಲವನ್ನೂ ಕಿತ್ತು ಹಲ್ಲಿನ ಸೆಟ್ ಕೊಡುತ್ತಾರೆಂಬ ಸುದ್ದಿ ಮನೆಮನೆಗೆ ಬಂದಿತ್ತು. ಚಿಕ್ಕಮ್ಮ ಒಪ್ಪಿಯೂ ಆಗಿತ್ತು. ನಾನು ಶಿಬಿರದ ಹಿಂದಿನ ದಿನ ಹೋಗಿ, ಜಗಳವಾಡಿ, ಚಿಕ್ಕಮ್ಮ ಚಿಕ್ಕಪ್ಪ ಇಬ್ಬರನ್ನೂ ಬಸ್ಸು ಹತ್ತಿಸಿ ರುದ್ರಾಣಮ್ಮನವರ ಮುಂದೆ ಕೂರಿಸಿದೆ.

ಚಿಕ್ಕಮ್ಮ ಎಲ್ಲರಂತೆ ಬಾಯಿ ತೆರೆದರು. ರುದ್ರಾಣಮ್ಮ ಎಂದಿನಂತೆ ಮುಚ್ಚಿದರು.

“ಕಿತ್ತಾಕ್ಬಿಡಿ ತಾಯಿ,” ಎಂದರು ಚಿಕ್ಕಮ್ಮ ಮುಚ್ಚಿದ ಬಾಯಲ್ಲೇ. “ಒಂದೇ ಸಲಕ್ಕೆ ಮುಗೀತದೆ.”

“ಕೀಳೋಕೆ ಇಕ್ಕಳ ಸಾಕು ವನಜಮ್ಮ, ನಾನ್ಯಾಕೆ ಬೇಕು? ನಿನ್ನೆ ಏನ್ ಉಂಡೆ?”

ಉತ್ತರಗಳು ಒಂದೊಂದಾಗಿ ಬಂದವು. ಬೆಳಿಗ್ಗೆ ಕಾಫಿಯಲ್ಲಿ ಅದ್ದಿದ ಬನ್ನು. ಮಧ್ಯಾಹ್ನ ಅನ್ನ, ತಿಳಿಸಾರು. ರಾತ್ರಿ ಅದೇ. ರಾಗಿಮುದ್ದೆ? ಹೊಟ್ಟೆ ಉಬ್ಬರಿಸುತ್ತೆ ಎಂದು ಬಿಟ್ಟದ್ದು. ಸೊಪ್ಪು, ಹುರುಳಿಕಾಳು? ಅಗಿಯಲು ಆಗದು. ಹಾಲು? ಡೇರಿಗೆ. ಮೊಸರು, ಮಜ್ಜಿಗೆ? ಕೈ ಮುರಿದ ಮೇಲೆ ಥಂಡಿ ಎಂದು ಮನೆಯಲ್ಲಿ ಬೇಡವೆಂದರು. ಅದಕ್ಕೂ ಮುಂಚೆ ಉಳಿದರೆ ಉಂಟು. ವಸಡು ನೋವಿಗೆ? ಮೆಡಿಕಲ್‌ನಿಂದ ಸೆಟ್ ಮಾತ್ರೆ, ನೋವು ಬಂದಾಗಲೆಲ್ಲ. ಜೊತೆಗೆ ಜೋಮು ಹಿಡಿಯಲೆಂದು ಅಲ್ಲೇ ಒತ್ತಿಟ್ಟುಕೊಳ್ಳುವ ಹೊಗೆಸೊಪ್ಪಿನ ಎಸಳು.

ರುದ್ರಾಣಮ್ಮ ಹಲ್ಲಿಗೂ ಹೊಟ್ಟೆಗೂ ಸಂಬಂಧವಿಲ್ಲದಂತೆ ಕಾಣುವ ಒಂದು ಪ್ರಶ್ನೆ ಕೇಳಿದರು.

“ನಿಮ್ಮನೆ ಹೆಪ್ಪು ಯಾರು ಕೊಟ್ಟಿದ್ದು?”

“ನಮ್ಮತ್ತೇದು. ನಾನು ಮದ್ವೆಯಾಗಿ ಬಂದಾಗಿಂದ ಅದೇ ನಡ್ಕೊಂಡ್ ಬಂದೈತೆ. ಒಂದಿನಾನೂ ಕೆಡಿಸಿಲ್ಲ,” ಎಂದರು ಚಿಕ್ಕಮ್ಮ. ಆ ದಿನ ಅವರ ಮಾತಿನಲ್ಲಿ ಹೆಮ್ಮೆ ಕಂಡದ್ದು ಅದೊಂದೇ ಸಲ.

“ಆ ಹೆಪ್ಪಿನ ಮೇಲೆ ಕುದಿಯೋ ಹಾಲು ಹುಯ್ತೀಯಾ?”

“ಅಯ್ಯೋ, ಸತ್ತೋಯ್ತದಲ್ಲ ತಾಯಿ. ಬೆಚ್ಚಗಿರ್ಬೇಕು.”

“ನಿನ್ನ ಕರುಳಲ್ಲೂ ಹಂಗೇ ಹೆಪ್ಪು ಐತೆ. ಒಂದಲ್ಲ, ನೂರಾರು ಜಾತಿದು. ಕಣ್ಣಿಗೆ ಕಾಣದ ಜೀವಗಳು. ನಾರಿರೋ ಊಟ ಹಾಕಿದ್ರೆ ಅವು ಅದನ್ನ ಹುಳಿ ಬರ್ಸಿ, ಕರುಳಿಗೆ ಬೇಕಾದ್ದು ಮಾಡ್ಕೊಡ್ತವೆ. ಉರಿ ತಗ್ಗಿಸ್ತವೆ. ಉಂಡಿದ್ರಲ್ಲಿರೋ ಸುಣ್ಣದಂಶ ಮೈಗೆ ಹತ್ತೋಕೂ ಒಂದು ಕೈ ಹಾಕ್ತವೆ. ನೀನೇನ್ ಮಾಡ್ದೆ? ವರ್ಷಾನುಗಟ್ಲೆ ಅದರ ಮೇಲೆ ಸೆಟ್ ಮಾತ್ರೆ ಹುಯ್ದೆ. ಉಳ್ದಿದ್ದಕ್ಕೆ ಬನ್ನು ತಿನ್ನಿಸ್ದೆ.”

ಚಿಕ್ಕಮ್ಮ ಕೈಪಟ್ಟಿಯನ್ನು ನೋಡಿಕೊಳ್ಳುತ್ತ ಕುಳಿತರು.

ಮುಂದಿನದನ್ನು ರುದ್ರಾಣಮ್ಮ ಚಿಕ್ಕಪ್ಪನ ಕಡೆ ತಿರುಗಿ ಹೇಳಿದರು. ವಸಡಿನ ಬುಡದಲ್ಲಿ ಸೇರಿಕೊಂಡ ಕೆಟ್ಟ ಸೂಕ್ಷ್ಮಾಣುಗಳು ಎಂಜಲಿನೊಡನೆ ದಿನವೂ ಹೊಟ್ಟೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವವು ಬಲಹೀನವಾಗಿದ್ದರೆ ಕರುಳಿನ ಸಮತೋಲ ಇನ್ನಷ್ಟು ತಪ್ಪಬಹುದು. ಅದರ ಉರಿ ರಕ್ತದ ಮೂಲಕ ಮೈಯೆಲ್ಲ ತಿರುಗಿ, ಮೂಳೆಯನ್ನು ಕರಗಿಸುವ ಜೀವಕೋಶಗಳಿಗೆ ಕುಮ್ಮಕ್ಕು ಕೊಡಬಹುದು. ವಸಡಿನ ಕಾಯಿಲೆ ಹಲ್ಲು ಹಿಡಿದಿರುವ ಮೂಳೆಯನ್ನು ತಿನ್ನುವುದಂತೂ ಖಚಿತ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಮೂಳೆ ಹೇಗೂ ಸವೆಯುತ್ತದೆ. ನೋವೆಂದು ಮೆತ್ತನೆಯದು ತಿನ್ನುತ್ತಾರೆ, ಮೆತ್ತನೆಯದರಲ್ಲಿ ಕರುಳಿನ ಜೀವಗಳಿಗೆ ಏನೂ ಇಲ್ಲ, ಹೊಟ್ಟೆ ಕೆಡುತ್ತದೆ, ಇನ್ನಷ್ಟು ಬಿಡುತ್ತಾರೆ.

“ಗಾಣದ ಎತ್ತಿನ ಹಂಗೆ ಸುತ್ತುತಾ ಇದ್ದಾಳೆ ನಿಮ್ಮನೆಯವ್ಳು,” ಎಂದರು. “ನೀವು ನೋಡ್ಕೊಂಡ್ ಕೂತಿದ್ದೀರಿ.”

ಆಮೇಲೆ ದೀಪ ಹತ್ತಿತು. ವಸಡನ್ನು ಒತ್ತಿದರು, ಕೀವು ಬಂತು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಹಲ್ಲಿನ ಬೇರುಗಳ ಸುತ್ತ ಮೂಳೆ ಇರಬೇಕಾದಲ್ಲಿ ಕಪ್ಪು ಕಾಣುತ್ತಿತ್ತು.

ಚಿಕ್ಕಪ್ಪ ಟವೆಲಿನ ಅಂಚನ್ನು ಹಿಂಡುತ್ತ, “ಡಾಕ್ಟ್ರಮ್ಮ, ಆ ಕಾಯಿಲೆ ಏನಾದ್ರೂ…” ಎಂದು ನಿಲ್ಲಿಸಿದರು.

“ಕ್ಯಾನ್ಸರ್ ಅಂತ ಬಾಯ್ಬಿಟ್ಟು ಕೇಳಿ. ನನ್ನ ಕಣ್ಣಿಗೆ ಹಂಗೆ ಕಾಣ್ತಿಲ್ಲ. ವಸಡಿನ ಕಾಯಿಲೆ ಹಿಂಗೇ ತಿನ್ನೋದು. ಆದ್ರೆ ಹೊಗೆಸೊಪ್ಪು ಇಡ್ತಿದ್ದ ಬಾಯಿ ಇದು, ನನ್ನ ಕಣ್ಣೊಂದನ್ನೇ ನಾನು ನಂಬಲ್ಲ. ವಸಡಿಂದ ಒಂದು ಚೂರು ತೆಗ್ದು ಪರೀಕ್ಷೆಗೆ ಹಾಸನಕ್ಕೆ ಕಳಿಸ್ತೀನಿ. ಅಲ್ಲೀವರ್ಗೂ ಒಂದು ಹಲ್ಲೂ ಯಾರೂ ಮುಟ್ಟಂಗಿಲ್ಲ.”

ಫಲಿತಾಂಶಕ್ಕೆ ಕಾದ ದಿನಗಳು ಆ ಮನೆಯಲ್ಲಿ ಹೇಗಿದ್ದವೆಂದು ಬಲ್ಲೆ. ಚಿಕ್ಕಮ್ಮ ಹಟ್ಟಿ ಸಾರಿಸುವುದನ್ನು, ಕರುವಿಗೆ ನೀರಿಡುವುದನ್ನು ಒಂದೇ ಕೈಯಲ್ಲಿ ಮಾಡುತ್ತಿದ್ದರು. ಯಾರಾದರೂ ತಡೆದರೆ, “ಆಮೇಲೆ ಯಾರು ಮಾಡ್ತಾರೆ?” ಎನ್ನುತ್ತಿದ್ದರು. ಆ ‘ಆಮೇಲೆ’ ಎಂದರೆ ಯಾವಾಗ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ನಡುವೆಯೇ ನಾನು ಒಂದು ಕರಪತ್ರ ಬರೆದು ರುದ್ರಾಣಮ್ಮನವರಿಗೆ ತೋರಿಸಲು ಒಯ್ದಿದ್ದೆ. ಮೇಲೆ ದಪ್ಪಕ್ಷರದಲ್ಲಿ ‘ಮಜ್ಜಿಗೆ ಕುಡಿಯಿರಿ, ಹಲ್ಲು ಮೂಳೆ ಉಳಿಸಿಕೊಳ್ಳಿ’ ಎಂದಿತ್ತು. ಅವರು ಕನ್ನಡಕ ಏರಿಸಿ ಓದಿ, ನನ್ನದೇ ಪೆನ್ನು ಇಸಿದುಕೊಂಡು ಆ ಸಾಲನ್ನು ಹೊಡೆದುಹಾಕಿದರು.

“ನಾನು ಹಂಗೆ ಯಾವಾಗ ಹೇಳ್ದೆ?”

“ಹೆಪ್ಪಿನ ವಿಚಾರ ನೀವೇ ಹೇಳಿದ್ರಲ್ಲ ಮೇಡಂ.”

“ಅದು ತಿಳೀಲಿ ಅಂತ ಹೇಳಿದ್ದು. ಮಜ್ಜಿಗೇಲಿರೋವು ಬೇರೆ, ಕರುಳಲ್ಲಿರೋವು ಬೇರೆ. ಕರುಳಿಗೂ ವಸಡಿಗೂ ಮೂಳೆಗೂ ಸಂಬಂಧ ಐತೆ ಅಂತ ಈಗೀಗ ಗೊತ್ತಾಗ್ತಾ ಐತೆ. ಯಾವ್ದು ಮೊದ್ಲು ಕೆಡ್ತದೆ, ಯಾವ್ದರಿಂದ ಯಾವ್ದು, ಇನ್ನೂ ಹುಡುಕ್ತಾ ಇದ್ದಾರೆ. ಗೊತ್ತಿಲ್ದೆ ಇರೋದನ್ನ ಗೊತ್ತೈತೆ ಅಂತ ಮಾರೋನು ಮೆಡಿಕಲ್ ಅಂಗಡಿಯೋನು. ನೀನೂ ಅದನ್ನೇ ಮಾಡಿದ್ರೆ ನಿನಗೂ ಅವನಿಗೂ ಏನ್ ವ್ಯತ್ಯಾಸ ಹೇಳು.”

ನನಗೆ ಸಿಟ್ಟು ಬಂತು. ಖಚಿತವಾಗಿ ಹೇಳದಿದ್ದರೆ ಜನ ಕೇಳುವುದಿಲ್ಲವೆಂದೆ.

“ಖಚಿತವಾಗಿರೋದು ಬೇಕಾದಷ್ಟೈತೆ. ಅದನ್ನ ಬರಿ,” ಎಂದು, ಹೊಡೆದುಹಾಕಿದ ಸಾಲಿನ ಕೆಳಗೆ ತಾವೇ ಹೇಳಿ ಬರೆಸಿದರು: ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ನುಂಗಬೇಡಿ. ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಹೊಗೆಸೊಪ್ಪು ಬಿಡಿ. ಮನೆಯ ಹಾಲು, ರಾಗಿ, ಸೊಪ್ಪು, ಕಾಳಿನಲ್ಲಿ ಹೆಂಗಸರ ಪಾಲು ಮೊದಲು ತೆಗೆದಿಡಿ. ಆ ಕರಪತ್ರವನ್ನೇ ನಾವು ಹಾರನಹಳ್ಳಿಯಿಂದ ಹಳೇಬೀಡಿನವರೆಗೆ ಹಂಚಿದೆವು. ಅದರ ಒಂದು ಸಾಲನ್ನೂ ಇದುವರೆಗೆ ಹಿಂತೆಗೆದುಕೊಳ್ಳಬೇಕಾಗಿ ಬಂದಿಲ್ಲ.

ಫೋನು ಬಂದಾಗ ನಾನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿದ್ದೆ. ಬಸ್ಸುಗಳ ಗದ್ದಲದ ನಡುವೆಯೂ ಆ ತೋಟದ ಧ್ವನಿ ಸ್ಪಷ್ಟವಾಗಿ ಕೇಳಿಸಿತು. “ಕೆಟ್ಟದ್ದೇನೂ ಇಲ್ಲ ಕಣವ್ವ. ಬರೀ ವಸಡಿನ ಕಾಯಿಲೆ. ನಿಮ್ಮ ಚಿಕ್ಕಪ್ಪನ ಫೋನು ಹತ್ತುತಾ ಇಲ್ಲ, ನೀನೇ ಹೋಗಿ ಹೇಳು. ಅಳ್ತಾ ನಿಂತ್ಕಬೇಡ, ಬಸ್ ತಪ್ಪೋಯ್ತದೆ.”

ಬಸ್ಸು ತಪ್ಪಲಿಲ್ಲ. ಮಾದಿಹಳ್ಳಿ ತಲುಪಿದಾಗ ಸಂಜೆಯ ಹಾಲು ಕರೆಯುವ ಹೊತ್ತು. ಪಟ್ಟಿ ಬಿಚ್ಚಿ ಕೆಲವೇ ದಿನವಾಗಿತ್ತಾದ್ದರಿಂದ ಚಿಕ್ಕಪ್ಪ ಕರೆಯುತ್ತಿದ್ದರು; ಚಿಕ್ಕಮ್ಮ ಹಸುವಿನ ಕುತ್ತಿಗೆಯಡಿ ಜೋಲುವ ಗಂಗೆದೊಗಲು ಸವರುತ್ತ ನಿಂತಿದ್ದರು. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹೇಳಿದೆ. ಚಿಕ್ಕಪ್ಪನ ಕೈ ನಿಂತಿತು. ಚಿಕ್ಕಮ್ಮ ಹಸುವಿನ ಕುತ್ತಿಗೆಗೆ ಹಣೆ ಆನಿಸಿದರು.

“ಕರೀರಿ, ಸೊರ ಬಿಟ್ಟದೆ, ಹಾಲು ನಿಂತೋಯ್ತದೆ,” ಎಂದರು ಕೊನೆಗೆ, ಮುಖ ಎತ್ತದೆ.

ಕರೆದದ್ದಾಯಿತು. ಡೇರಿಯ ಕ್ಯಾನಿಗೆ ಸುರಿಯುವ ಮೊದಲು ಚಿಕ್ಕಮ್ಮ ಒಳಗಿನಿಂದ ಒಂದು ಚೊಂಬು ತಂದು, ತುಂಬ ಅಳೆದು, ಬದಿಗಿಟ್ಟರು. ಚಿಕ್ಕಪ್ಪ ಕ್ಯಾನನ್ನು ಎತ್ತಿ ತೂಕ ನೋಡಿದರು.

“ಡೇರಿಗೆ ಇವತ್ತು ಕಮ್ಮಿ ಬಿತ್ತು.”

“ದಿನಾ ಇಷ್ಟೇ ಇನ್ಮೇಲೆ,” ಎಂದರು ಚಿಕ್ಕಮ್ಮ.

ಕ್ಯಾನು ಹಿಡಿದು ಹೊರಟ ಚಿಕ್ಕಪ್ಪ ತಿರುಗಿ ಬಂದು, ಚೊಂಬಿಗೆ ಬೆಕ್ಕು ಬಾಯಿ ಹಾಕದಂತೆ ಒಂದು ತಟ್ಟೆ ಮುಚ್ಚಿ ಹೋದರು. ನಾನು ಭಾಷಣಗಳಲ್ಲಿ ಎಷ್ಟೋ ವರ್ಷ ಹೇಳಿದ್ದು ಆ ಕೊಟ್ಟಿಗೆಯಲ್ಲಿ ಯಾವ ಭಾಷಣವೂ ಇಲ್ಲದೆ ನಡೆಯಿತು.

ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯಿತು. ಎರಡು ಹಲ್ಲುಗಳನ್ನು ಉಳಿಸಲಾಗಲಿಲ್ಲ. ಅವನ್ನು ಕೀಳುವಾಗ ರುದ್ರಾಣಮ್ಮನವರ ಮುಖ ಚಿಕ್ಕಮ್ಮನ ಮುಖಕ್ಕಿಂತ ಸಪ್ಪಗಿತ್ತು. ಉಳಿದವುಗಳ ಬೇರಿನ ಸುತ್ತ ಹಂತಹಂತವಾಗಿ ಸ್ವಚ್ಛ ಮಾಡಿದರು. ಟೊಳ್ಳು ಮೂಳೆಗೆಂದು ಇನ್ನೊಬ್ಬ ಡಾಕ್ಟರಲ್ಲಿಗೆ ಕಳಿಸಿ ಬೇಕಾದ ಔಷಧ ಕೊಡಿಸಿದರು. ಹೊಗೆಸೊಪ್ಪು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ರುದ್ರಾಣಮ್ಮ ಬೈದರು, ಗೋಗರೆದರು, ಒಮ್ಮೆ ಚಿಕ್ಕಮ್ಮನ ಸೆರಗಿನ ಗಂಟನ್ನು ತಾವೇ ಬಿಚ್ಚಿ ಎಸಳನ್ನು ಕಸದ ಬುಟ್ಟಿಗೆ ಹಾಕಿದರು. ಮುದ್ದೆ ಮೊದಲು ಅರ್ಧ, ಆಮೇಲೆ ಪೂರ್ತಿ ಮರಳಿತು. ಹೊಟ್ಟೆಯ ಉಬ್ಬರ ಮೆಲ್ಲಗೆ ತಗ್ಗಿತು. ವಸಡಿನ ರಕ್ತ ನಿಂತಿತು. ಇವುಗಳಲ್ಲಿ ಯಾವುದರಿಂದ ಯಾವುದಾಯಿತೆಂದು ನಾನು ಹೇಳುವುದಿಲ್ಲ. ಹೇಳಿದರೆ ಅವರು ಪೆನ್ನು ಕೇಳುತ್ತಾರೆ.

ನಾನು ಅವರನ್ನು ಕೊನೆಯದಾಗಿ ಕಂಡದ್ದು ಅವರು ನಿವೃತ್ತರಾದ ದಿನ. ಹಾರ ತುರಾಯಿ ಬೇಡವೆಂದು ಮೊದಲೇ ಗದರಿಸಿದ್ದರಿಂದ ನರ್ಸಮ್ಮಂದಿರು ಟೀ ಮಾತ್ರ ಮಾಡಿದ್ದರು. ಚಿಕ್ಕಮ್ಮ ತಮ್ಮ ಮನೆಯ ಮೊಸರಿನ ಡಬ್ಬಿ ಹಿಡಿದು ಬಂದಿದ್ದರು. ರುದ್ರಾಣಮ್ಮ ಅದನ್ನು ಇಸಿದುಕೊಂಡು, ಕೋಟಿನ ಜೇಬಿನಿಂದ ತಮ್ಮ ಡಬ್ಬಿ ತೆಗೆದು ಮುಂದೆ ಹಿಡಿದರು.

“ತಗೋ ವನಜಮ್ಮ. ನಾಳೆಯಿಂದ ನಾನಿರಲ್ಲ. ಸದ್ದು ಕೇಳ್ಬೇಕು.”

ಚಿಕ್ಕಮ್ಮ ಒಂದು ಹೋಳು ಆರಿಸಿ, ಹಲ್ಲು ಗಟ್ಟಿಯಿರುವ ಪಕ್ಕಕ್ಕೆ ಕೊಟ್ಟು ಕಡಿದರು. ಸದ್ದು ಪರದೆಯಾಚೆ ಬೆಂಚಿನವರೆಗೂ ಹೋಯಿತು. ರುದ್ರಾಣಮ್ಮ ಗಟ್ಟಿಯಾಗಿ ನಕ್ಕರು. ಆಮೇಲೆ ಕೋಟು ಬಿಚ್ಚಿ, ಕುರ್ಚಿಯ ಬೆನ್ನಿಗೆ ಹಾಕಿ, ಕಣಕಟ್ಟೆಯ ಕಡೆಗೆ ಹೊರಟುಹೋದರು.

ಆ ಕೊಠಡಿಗೆ ಅಂದು ಬಿದ್ದ ಬೀಗವನ್ನು ರೋಗಿಗಳಿಗಾಗಿ ಇಂದಿಗೂ ತೆಗೆದಿಲ್ಲ. ಕಿಟಕಿಯಿಂದ ಇಣುಕಿದರೆ ಕುರ್ಚಿಯ ಮೇಲೆ ಹಳೆಯ ಶಿಬಿರಗಳ ಬ್ಯಾನರುಗಳನ್ನು ಸುತ್ತಿ ಪೇರಿಸಿರುವುದು ಕಾಣುತ್ತದೆ. ಹೆಂಗಸರು ಮತ್ತೆ ಮೆಡಿಕಲ್ ಅಂಗಡಿಯ ಮುಂದೆ ಗದ್ದ ಹಿಡಿದು ನಿಲ್ಲುತ್ತಿದ್ದಾರೆ. ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ತಪ್ಪು ಅಲ್ಲಿ ದುಡಿಯುತ್ತಿರುವವರದಲ್ಲ. ಯಾವ ಕೊಠಡಿಯೆಂದು ತಿಳಿಯಬೇಕಾದವರಿಗೆ ತಿಳಿದಿದೆ.

ಆರೋಗ್ಯ ಇಲಾಖೆಯಲ್ಲಿ ನೇಮಕಾತಿಯ ಹೊಣೆ ಹೊತ್ತವರೇ, ನನ್ನ ಚಿಕ್ಕಮ್ಮ ಉಳಿದರು, ಅದು ನಿಮ್ಮಿಂದಲ್ಲ. ಮುಂದಿನವರು ಅದೃಷ್ಟದ ಮೇಲೆ ಉಳಿಯಬಾರದು. ಬ್ಯಾನರುಗಳನ್ನು ಹೊರಗೆ ಹಾಕಿಸಿ, ಆ ಕುರ್ಚಿಗೆ ಒಬ್ಬ ಖಾಯಂ ದಂತವೈದ್ಯರನ್ನು ಈ ಮಳೆಗಾಲ ಮುಗಿಯುವುದರೊಳಗೆ ನೇಮಿಸಿ. ಬರುವವರಿಗೆ ಒಂದು ಮಾತನ್ನು ಲಿಖಿತವಾಗಿ ತಿಳಿಸಿ: ಬಾಯಿ ತೆರೆಸುವ ಮೊದಲು ಹೊಟ್ಟೆ ಹೇಗಿದೆ ಎಂದು ಕೇಳಬೇಕು.